ಒಂದು ಬಿಟ್ಟು ಹೇಳುವ ಮನೆ

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕೋನಿ ಎನ್ನುವ ಹಾಟ್ ಡಾಗ್ ತಿನ್ನದವನು ಒಂದೋ ಕಾಯಿಲೆಯವನಾಗಿರಬೇಕು, ಇಲ್ಲ ಷಿಕಾಗೋದವನಾಗಿರಬೇಕು. ಷಿಕಾಗೋದವರು ಹಾಟ್ ಡಾಗಿನ ಮೇಲೆ ಟೊಮೆಟೊ, ಸೌತೆಕಾಯಿ, ಮೆಣಸಿನಕಾಯಿ ಎಂದು ಅರ್ಧ ಸಂತೆಯನ್ನೇ ಹೇರುತ್ತಾರೆ. ಹತ್ತಿರದ ಊರು ಫ್ಲಿಂಟ್‌ನವರು ಮಾಂಸವನ್ನು ಒಣಒಣ ಉದುರಿಸುತ್ತಾರೆ. ಗಂಟಲಿಗೆ ಸಿಕ್ಕಿಕೊಂಡರೆ ಅದು ಅವರ ಹಣೆಬರಹ. ಡೆಟ್ರಾಯಿಟ್ ಕೋನಿ ಎಂದರೆ ಹಬೆಯಲ್ಲಿ ಮೆತ್ತಗಾದ ಬನ್ನು, ಕಚ್ಚಿದರೆ ಟಪ್ಪೆನ್ನುವ ಸಾಸೇಜು, ಅದು ಮುಳುಗುವಷ್ಟು ಮಾಂಸದ ಸಾಸ್, ಸಾಸಿವೆಯ ಒಂದು ಗೆರೆ, ಹೆಚ್ಚಿದ ಹಸಿ ಈರುಳ್ಳಿ. ಅಷ್ಟೇ. ಗ್ರೀಸಿನ ಬೆಟ್ಟದ ಹಳ್ಳಿಗಳಿಂದ ಬಂದವರು ಕಾರ್ಖಾನೆಯವರ ಹಸಿವಿಗೆಂದು ಕಟ್ಟಿದ ತಿಂಡಿ ಅದು. ಅಂಗಡಿ ಅಂಗಡಿಗೂ ಸಾಸ್ ಬೇರೆ, ಮತ್ತು ಪ್ರತಿ ಸಾಸಿಗೂ ಅದನ್ನು ಬಲ್ಲವರು ಒಬ್ಬರೇ.

ಪನಾಯೋತಿಸ್ ಮುದುಕ ತೆರೆದ ಅಂಗಡಿಯಲ್ಲಿ ಆ ಒಬ್ಬರು ಈಗ ಫೋತಿನಿ. ಮುದುಕನ ಮೊಮ್ಮಗ ಥಾನಾಸಿಸ್‌ನ ಹೆಂಡತಿ, ಕಳೆದ ಶರತ್ಕಾಲದಿಂದ ಅವನ ವಿಧವೆ. ಸೊಸೆಯಂದಿರಿಗೆ ಸಾಸಿನ ಪಾಕ ಹೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಆದರೆ ಥಾನಾಸಿಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಾಗ ಹತ್ತಿರ ಇದ್ದವಳು ಅವಳೊಬ್ಬಳೇ. ಕಿವಿಯಲ್ಲಿ ಹೇಳಿದ, ಹೇಳಿ ಎರಡು ಮಾತು ತೆಗೆದುಕೊಂಡ. ಮನೆಯ ಒಂದು ಕೈಗೆ ದಾಟಿಸದೆ ಒಲೆ ಬಿಟ್ಟು ಹೋಗಬಾರದು. ದಾಟಿಸಿದ ಮೇಲೆ ಬೇರೆ ಯಾವ ಒಲೆಯ ಮೇಲೂ ಅದನ್ನು ಇಡಬಾರದು. ಸಾಯುವವನಿಗೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಅಲ್ಲಿಂದ ಹೊರಡುವುದು. ಫ್ಲೋರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ ಅವಳ ಅಕ್ಕ ಇದ್ದಳು. ಪಾಸ್ಖಾ, ಅಂದರೆ ಈಸ್ಟರ್ ಹಬ್ಬ ಕಳೆದ ಮೇಲೆ ಬಾ, ಬೇಕರಿಯಲ್ಲಿ ಕೆಲಸ ಹೇಳಿಟ್ಟಿದ್ದೇನೆ, ಕಿಟಕಿ ತೆರೆದರೆ ಸಮುದ್ರ ಎಂದು ಫೋನಿನಲ್ಲಿ ಕರೆದಿದ್ದಳು. ಇಲ್ಲಿ ಕಿಟಕಿ ತೆರೆದರೆ ಪಕ್ಕದ ಕೋನಿ ಅಂಗಡಿಯ ಗೋಡೆ. ಮದುವೆಯಾಗಿ ಬಂದಾಗಿನಿಂದ ಫೋತಿನಿಯ ಕೂದಲು, ದಿಂಬು, ಪ್ರಾರ್ಥನೆಯ ಪುಸ್ತಕ ಎಲ್ಲವೂ ಈರುಳ್ಳಿ ನಾರುತ್ತಿದ್ದವು. ಗಂಡ ಇದ್ದಾಗ ಅದು ಅವನ ವಾಸನೆ ಅನ್ನಿಸುತ್ತಿತ್ತು. ಈಗ ಉಸಿರು ಕಟ್ಟುತ್ತಿತ್ತು.

ಹೊರಡುವುದಕ್ಕೆ ಒಂದು ಕ್ರಮವಿತ್ತು. ಹೊಸಬನು ಸಾಸ್ ಕಲಿತು, ಅದು ಸರಿ ಬಂದಿದೆ ಎಂದು ಮನೆಯ ಹಿರಿಯರಿಗೆ ಒಪ್ಪಿಗೆಯಾದರೆ, ಅವರು ತಮ್ಮ ಕೈಯಿಂದಲೇ ಅವನ ಸೊಂಟಕ್ಕೆ ಬಿಳಿ ಏಪ್ರನ್ ಕಟ್ಟಬೇಕು. ಕಟ್ಟಿದರೆ ಹಳಬರಿಗೆ ಬಿಡುಗಡೆ. ಹಿರಿಯರು ಅಂದರೆ ಈಗ ಅತ್ತೆ ಕಿರಿಯಾಕುಲಾ. ಕಲಿಯಲು ಬಂದವನು ಮೈದುನ ಸ್ಟೆಲಿಯೋಸ್, ಕಾರ್ಖಾನೆಯಲ್ಲಿ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ. ಒಳ್ಳೆಯವನೇ. ಬುದ್ಧಿ ಸ್ವಲ್ಪ ನಿಧಾನ, ಅನುಮಾನ ಮಾತ್ರ ಬಹಳ ಚುರುಕು.

ಆ ಅನುಮಾನ ಅವನೊಬ್ಬನದಲ್ಲ, ರಕ್ತದಲ್ಲೇ ಬಂದದ್ದು. ಪನಾಯೋತಿಸ್ ಮುದುಕನ ಹತ್ತಿರ ಕೆಲಸಕ್ಕಿದ್ದ ಸೋದರಳಿಯನೊಬ್ಬ ಪಕ್ಕದಲ್ಲೇ ಬೇರೆ ಅಂಗಡಿ ಹಾಕುತ್ತೇನೆ, ಪಾಕ ಹೇಳು ಮಾವ ಎಂದು ಕಾಲು ಹಿಡಿದಾಗ, ಮುದುಕ ಪ್ರೀತಿಯಿಂದ ಎಲ್ಲವನ್ನೂ ಹೇಳಿದ, ಒಂದನ್ನು ಬಿಟ್ಟು. ಅಲ್ಲಿಂದ ಮುಂದೆ ಯಾರು ಕೇಳಿದರೂ ಹಾಗೇ. ಪಾದ್ರಿ ಕೇಳಿದರೂ ಒಂದನ್ನು ಬಿಟ್ಟು. ಪ್ರತಿ ಹಬ್ಬದ ಊಟದಲ್ಲೂ ಆ ಮನೆಯವರು ಈ ಕತೆ ಹೇಳಿಕೊಂಡು, ಪಕ್ಕದ ಗೋಡೆಯ ಕಡೆ ಕೈ ತೋರಿಸಿ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಫೋತಿನಿಯೂ ನಕ್ಕವಳೇ. ತಾನು ಕಳ್ಳ ಪರರನ್ನು ನಂಬ ಎನ್ನುವ ಗಾದೆ ಅವಳಿಗೆ ಆಗ ನೆನಪಾಗಬೇಕಿತ್ತು.

ಕಲಿಸುವ ಹೊತ್ತಿಗೆ ದೊಡ್ಡ ಉಪವಾಸ ಶುರುವಾಗಿತ್ತು. ಪಾಸ್ಖಾದವರೆಗೆ ಮಾಂಸ ಮುಟ್ಟುವಂತಿಲ್ಲ. ದಿನವಿಡೀ ಮಾಂಸ ಬೇಯಿಸಿ ಊರಿಗೆಲ್ಲ ಬಡಿಸಿ, ತಾವು ಹಿಂದಿನ ಕೋಣೆಯಲ್ಲಿ ಅವರೆಕಾಳಿನಂಥ ಬಿಳಿ ಬೀನ್ಸ್ ಕಾಳು ಬೇಯಿಸಿಕೊಂಡು ತಿನ್ನುವುದು ಆ ಮನೆಯ ರೂಢಿ. ಸಾಸಿನ ರುಚಿ ನೋಡುವಂತೆಯೂ ಇಲ್ಲ. ಥಾನಾಸಿಸ್ ಈ ದಿನಗಳಲ್ಲಿ ಮೂಗಿನಿಂದಲೇ ಅಡುಗೆ ಮಾಡುತ್ತಿದ್ದ, ಫೋತಿನಿಯೂ ಹಾಗೇ ಕಲಿತಿದ್ದಳು. ಅವಳು ಸ್ಟೆಲಿಯೋಸ್‌ನನ್ನು ಒಲೆಯ ಮುಂದೆ ನಿಲ್ಲಿಸಿಕೊಂಡು ಕಣ್ಣಿಗೆ ಕಾಣುವಂತೆ ಎಲ್ಲವನ್ನೂ ತೋರಿಸಿದಳು. ದನದ ಗುಂಡಿಗೆಯ ಮಾಂಸ ಎಷ್ಟು ಸಣ್ಣಗೆ ಅರೆಯಬೇಕು, ಕೊಬ್ಬು ಯಾವಾಗ ಬಿಡಬೇಕು, ಜೀರಿಗೆಗಿಂತ ಮೊದಲು ಮೆಣಸಿನ ಪುಡಿ ಯಾಕೆ. ಮಿಕ್ಕದ್ದನ್ನು ನಾನಿಲ್ಲಿ ಹೇಳಿದರೆ ಆ ಮನೆಯವರು ನನ್ನ ಚರ್ಮ ಸುಲಿಯುತ್ತಾರೆ. ಅವಳು ಒಂದನ್ನೂ ಬಿಡಲಿಲ್ಲ, ಅದು ಮಾತ್ರ ಸತ್ಯ.

ಮನೆಯವರು ಯಾರೂ ನಾಲಗೆಗೆ ಹಚ್ಚುವಂತಿಲ್ಲವಾದ್ದರಿಂದ ರುಚಿ ನೋಡುವ ಕೆಲಸ ಡ್ವೈಟ್ ಅವರಿಗೆ ಬಂತು. ಡ್ವೈಟ್ ಕಾರ್ಖಾನೆಯಿಂದ ನಿವೃತ್ತರಾದವರು, ಥಾನಾಸಿಸ್‌ನ ಅಪ್ಪನ ಕಾಲದಿಂದ ಅದೇ ಸ್ಟೂಲಿನ ಮೇಲೆ ಕೂತು ಮಧ್ಯಾಹ್ನಕ್ಕೆ ಎರಡು ಕೋನಿ ತಿನ್ನುವವರು. ಅವರದು ಬ್ಯಾಪ್ಟಿಸ್ಟ್ ಚರ್ಚು, ಈ ಉಪವಾಸದ ಕಾಟ ಇಲ್ಲ. ಸ್ಟೆಲಿಯೋಸ್ ಬೆವರು ಒರೆಸಿಕೊಳ್ಳುತ್ತ ಪಾತ್ರೆ ತಿರುವುವುದನ್ನು ಅವರು ಕಣ್ಣಾರೆ ನೋಡಿದರು. ಆಮೇಲೆ ಒಂದು ತುತ್ತು ಕಚ್ಚಿ, ನಿಧಾನವಾಗಿ ಅಗಿದು, ತಲೆ ಅಲ್ಲಾಡಿಸಿದರು.

"ಚೆನ್ನಾಗೈತೆ. ಆದ್ರೆ ಅದಲ್ಲ ಬಿಡಪ್ಪ. ಏನೋ ಒಂದು ಕಮ್ಮಿ ಐತೆ."

ಅತ್ತೆ ಕಿರಿಯಾಕುಲಾ ಗಲ್ಲಾದ ಹಿಂದಿನಿಂದ ಸೊಸೆಯನ್ನು ನೋಡಿದಳು. ಏಪ್ರನ್ನು ಗೂಟದಲ್ಲೇ ಉಳಿಯಿತು.

ಮರುದಿನವೂ ಅದೇ ಕತೆ, ಮರುವಾರವೂ ಅದೇ. ಸ್ಟೆಲಿಯೋಸ್ ಮೊದಮೊದಲು ವಿನಯದಿಂದ ಕೇಳಿದ, ಆಮೇಲೆ ಗೋಗರೆದ, ಕೊನೆಗೆ ಅಣ್ಣನ ಫೋಟೋದ ಮುಂದೆ ನಿಲ್ಲಿಸಿ ಕೇಳಿದ. ಫೋತಿನಿ ಶಿಲುಬೆ ಮುಟ್ಟಿ ಆಣೆ ಇಟ್ಟಳು. ಆಣೆ ಇಟ್ಟಿದ್ದೇ ತಪ್ಪಾಯಿತು. ಪನಾಯೋತಿಸ್ ಮುದುಕನೂ ಸೋದರಳಿಯನಿಗೆ ಆಣೆ ಇಟ್ಟೇ ಹೇಳಿದ್ದನಂತೆ. ಅತ್ತೆ ಅದನ್ನು ಮೆಲ್ಲಗೆ ಜ್ಞಾಪಿಸಿದಳು. ಫೋತಿನಿಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನೆ ಎದ್ದು ಹೋಗೋಣ ಎಂದರೆ ಸತ್ತವನಿಗೆ ಕೊಟ್ಟ ಮಾತು. ಇನ್ನೇನಾದರೂ ಹೇಳೋಣ ಎಂದರೆ ಹೇಳಲು ಉಳಿದಿರುವುದು ಏನೂ ಇಲ್ಲ. ಇದ್ದದ್ದನ್ನೆಲ್ಲ ಕೊಟ್ಟವಳಿಗೆ ಬಚ್ಚಿಟ್ಟವಳು ಎನ್ನುವ ಹೆಸರು. ಅವಳಿಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಈ ಜನ ನನ್ನನ್ನು ಈ ಒಲೆಯ ಮುಂದೆಯೇ ಮುದುಕಿ ಮಾಡುತ್ತಾರೆ ಎಂದು ಅನ್ನಿಸಿ ಹಿಂದಿನ ಕೋಣೆಯಲ್ಲಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತಳು.

ಅಕ್ಕ ಮತ್ತೆ ಫೋನ್ ಮಾಡಿದಳು. ಹಬ್ಬದ ಮರುವಾರಕ್ಕೆ ಬರದಿದ್ದರೆ ಬೇಕರಿಯವರು ಬೇರೆಯವಳನ್ನು ನೋಡಿಕೊಳ್ಳುತ್ತಾರಂತೆ.

ಆಗ ಫೋತಿನಿ ಒಂದು ಉಪಾಯ ಮಾಡಿದಳು. ಒಂದು ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಪಾತ್ರೆಯಲ್ಲಿ ಸಾಸ್ ಮಾಡೋಣ, ಡ್ವೈಟ್ ಎರಡನ್ನೂ ತಿಂದು ಹೇಳಲಿ ಎಂದಳು. ಎಲ್ಲರೂ ಒಪ್ಪಿದರು. ಬಡಿಸುವಾಗ ಅವಳು ಅತ್ತೆಯ ಕಣ್ಣು ತಪ್ಪಿಸಿ ಎರಡು ಬನ್ನಿಗೂ ಸ್ಟೆಲಿಯೋಸ್‌ನ ಪಾತ್ರೆಯಿಂದಲೇ ಸುರಿದಳು. ಇದು ಅವನದು, ಇದು ನನ್ನದು ಎಂದು ತಟ್ಟೆ ಇಟ್ಟಳು. ಡ್ವೈಟ್ ಮೊದಲನೆಯದನ್ನು ಕಚ್ಚಿ ತಲೆ ಅಲ್ಲಾಡಿಸಿದರು. ಎರಡನೆಯದನ್ನು ಕಚ್ಚಿ ಕಣ್ಣು ಮುಚ್ಚಿದರು.

"ಇದು ನೋಡಮ್ಮ. ಇದು ನಿನ್ನ ಯಜಮಾನ್ರ ಕೈ."

ಫೋತಿನಿಗೆ ಕುಣಿಯುವಷ್ಟು ಸಂತೋಷವಾಯಿತು. ಎರಡೂ ಒಂದೇ ಪಾತ್ರೆಯವು, ಎರಡೂ ಸ್ಟೆಲಿಯೋಸ್ ಮಾಡಿದ್ದು ಎಂದು ಅಲ್ಲೇ ಎಲ್ಲರ ಮುಂದೆ ಹೇಳಿದಳು. ಡ್ವೈಟ್ ಮುಖ ಕೆಂಪಗೆ ಮಾಡಿಕೊಂಡು ಕಾಫಿ ಲೋಟದೊಳಗೆ ನೋಡತೊಡಗಿದರು. ಇನ್ನೇನು, ಅತ್ತೆ ಏಪ್ರನ್ನಿಗೆ ಕೈ ಹಾಕುತ್ತಾಳೆ ಎಂದು ಫೋತಿನಿ ತಿರುಗಿದಳು.

ಅತ್ತೆ ಜಾಗ ಬಿಟ್ಟು ಕದಲಿರಲಿಲ್ಲ.

"ಎಷ್ಟು ಜಾಣೆ ಕಣೇ ನೀನು," ಅಂದಳು. "ಅಂದ್ರೆ ಎರಡನೇದಕ್ಕೆ ನೀನು ಬಡಿಸೋವಾಗ ಅದನ್ನ ಉದುರಿಸಿದೆ. ಕೈಯಲ್ಲೇ ಇಟ್ಕೊಂಡಿದ್ದೆ."

ಸ್ಟೆಲಿಯೋಸ್ ಹೌದಲ್ಲ ಎಂದು ಅತ್ತಿಗೆಯ ಅಂಗೈಯನ್ನು ನೋಡಿದ. ನಿಜವಾಗಿಯೂ ನೋಡಿದ. ಫೋತಿನಿ ಅಂಗೈ ಬಿಡಿಸಿ ತೋರಿಸಿದಳು, ಬಿಡಿಸುತ್ತಿರುವಾಗಲೇ ಇದರಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಈ ಮನೆಯಲ್ಲಿ ಖಾಲಿ ಕೈಯೂ ಬಚ್ಚಿಟ್ಟ ಕೈಯೇ. ಇವರಿಗೆ ಪೂರ್ತಿ ಹೇಳಿ ಯಾರೂ ಗೆದ್ದಿಲ್ಲ, ಯಾಕೆಂದರೆ ಇವರು ಯಾರಿಗೂ ಪೂರ್ತಿ ಹೇಳಿಲ್ಲ. ಇವರು ಕಾಯುತ್ತಿರುವುದು ಸಾಸಿಗಲ್ಲ, ಆ ಬಿಟ್ಟ ಒಂದಕ್ಕೆ. ಅದನ್ನು ಕೊಡುವ ತನಕ ಬಿಡುವುದಿಲ್ಲ.

ಅವಳು ತಲೆ ತಗ್ಗಿಸಿ, ದಾಲ್ಚಿನ್ನಿ ಅಂದಳು.

ಯಾಕೆ ಅದೇ ಬಾಯಿಗೆ ಬಂತೋ. ಒಹಾಯೋದ ಸಿನ್ಸಿನಾಟಿಯವರು ಸಾಸಿಗೆ ದಾಲ್ಚಿನ್ನಿ ಹಾಕುತ್ತಾರೆಂದು, ಅವರದು ಹಾಟ್ ಡಾಗ್ ಅಲ್ಲ ಪಾಯಸ ಎಂದು ಥಾನಾಸಿಸ್ ಆಡಿಕೊಳ್ಳುತ್ತಿದ್ದ. ಅವನು ಬದುಕಿದ್ದರೆ ಈ ಮಾತು ಕೇಳಿ ಸೌಟು ಎಸೆಯುತ್ತಿದ್ದ.

ಮನೆಯವರ ಮುಖಗಳು ದೀಪ ಹಚ್ಚಿದಂತೆ ಅರಳಿದವು. ಸ್ಟೆಲಿಯೋಸ್ ಹಣೆ ಚಚ್ಚಿಕೊಂಡು, ನನಗೆ ಮೊದಲೇ ವಾಸನೆ ಬಂದಿತ್ತು ಎಂದ. ಅತ್ತೆಯೂ ತನಗೆ ಗೊತ್ತಿತ್ತೆಂದಳು; ನಮ್ಮ ಹಳ್ಳಿಯಲ್ಲಿ ಮಾಂಸಕ್ಕೆ ದಾಲ್ಚಿನ್ನಿ ಹಾಕದೆ ಇರುತ್ತಾರೆಯೇ, ನಮ್ಮ ಮಾವ ಬೇರೇನು ಹಾಕಿಯಾನು ಎಂದು ಕೇಳಿದಳು. ಎಷ್ಟು ಹಾಕಬೇಕು ಎಂದರು. ಫೋತಿನಿ ಬಾಯಿಗೆ ಬಂದದ್ದು ಹೇಳಿದಳು. ಸ್ಟೆಲಿಯೋಸ್ ಆಗಲೇ ಪಾತ್ರೆಗೆ ಸುರಿದು ತಿರುವಿದ. ಮೊದಲೇ ಮುಖಭಂಗವಾಗಿದ್ದ ಡ್ವೈಟ್ ಒಂದು ತುತ್ತು ತಿಂದು, ಈಗ ಸರಿಹೋಯಿತು, ಇದೇ ಇದೇ ಎಂದು ಎರಡೆರಡು ಸಲ ಹೇಳಿದರು.

ಕಿರಿಯಾಕುಲಾ ಗೂಟದಿಂದ ಏಪ್ರನ್ ತೆಗೆದು ಮಗನ ಸೊಂಟಕ್ಕೆ ಕಟ್ಟಿದಳು. ಕಟ್ಟುವಾಗ ಮುದುಕಿ ನಿಜವಾಗಿ ಅತ್ತಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಇಷ್ಟು ದಿನ ಶಿಲುಬೆ ಮುಟ್ಟಿ ಸುಳ್ಳು ಹೇಳಿದೆಯಲ್ಲೇ. ಅದೂ ಉಪವಾಸದಲ್ಲಿ. ನನ್ನ ಮಗ ಸತ್ತ ಮನೆಯಲ್ಲಿ."

"ತಪ್ಪಾಯ್ತು ಅತ್ತೆ," ಅಂದಳು ಫೋತಿನಿ. ಬಗ್ಗಿ ಅತ್ತೆಯ ಕೈಗೆ ಮುತ್ತಿಟ್ಟಳು. ಹೇಳದೆ ಇದ್ದ ಸುಳ್ಳಿಗೆ ಕ್ಷಮೆ ಕೇಳಿದಳು, ಹೇಳಿದ ಸುಳ್ಳಿಗೆ ಬಿಡುಗಡೆ ಸಿಕ್ಕಿತು. ಕ್ಷಮಿಸಿದೆ ಎಂದು ಮುದುಕಿ ಬಾಯಲ್ಲಿ ಅಂದಳು, ಆದರೆ ಹಬ್ಬದ ರಾತ್ರಿಯ ಪೂಜೆಯಲ್ಲಿ ಸೊಸೆಯ ಪಕ್ಕದಲ್ಲಿ ನಿಲ್ಲಲಿಲ್ಲ.

ಹಬ್ಬದ ಮರುದಿನ ಬಸ್ಸಿಗೆ ಮುಂಚೆ ಫೋತಿನಿ ಪೆಟ್ಟಿಗೆ ಬಾಗಿಲ ಬಳಿ ಇಟ್ಟು, ಮೊದಲ ಬಾರಿಗೆ ಗಿರಾಕಿಯ ಹಾಗೆ ಸ್ಟೂಲಿನ ಮೇಲೆ ಕೂತಳು. ಉಪವಾಸ ಮುಗಿದಿತ್ತು. ಅಷ್ಟು ವಾರ ಬರೀ ಕಾಳು ತಿನ್ನುತ್ತ ಅವಳು ಆಸೆಪಟ್ಟಿದ್ದು ಇದೊಂದಕ್ಕೆ. ಗಂಡನ ಕೈರುಚಿಯನ್ನು ಇನ್ನೊಮ್ಮೆ ತಿಂದು ಹೊರಡಬೇಕು, ಆಮೇಲೆ ಎಲ್ಲಿಯೂ ಅದು ಸಿಗುವುದಿಲ್ಲ, ತಾನೂ ಮಾಡುವಂತಿಲ್ಲ. ಒಂದು ಪಾತ್ರೆಯಲ್ಲಾದರೂ ದಾಲ್ಚಿನ್ನಿ ಇಲ್ಲದೆ ಸ್ವಲ್ಪ ಉಳಿದಿರಬಹುದು ಎಂದು ಅವಳಿಗೆ ಎಲ್ಲೋ ಒಂದು ಆಸೆ ಇತ್ತು. ಸ್ಟೆಲಿಯೋಸ್ ತುಂಬಿ ತುಳುಕುವಂತೆ ಸಾಸ್ ಸುರಿದು, ಸಾಸಿವೆಯ ಗೆರೆ ಎಳೆದು, ಈರುಳ್ಳಿ ಉದುರಿಸಿ ತಟ್ಟೆಯನ್ನು ಅವಳ ಮುಂದೆ ತಳ್ಳಿದ. ಅತ್ತೆ ಗಲ್ಲಾದಿಂದ ನೋಡುತ್ತಿದ್ದಳು. ಡ್ವೈಟ್ ತಿನ್ನುವುದನ್ನು ನಿಲ್ಲಿಸಿದರು.

ಫೋತಿನಿ ಕಚ್ಚಿದಳು. ಸಿಹಿಯಾದ ಒಂದು ಘಾಟು ಬಾಯಿ ತುಂಬಿತು. ಇದು ಯಾರ ಮನೆಯದೋ ಸಾಸ್. ಅವಳು ಅಗಿದಳು, ನುಂಗಿದಳು, ಇನ್ನೊಂದು ತುತ್ತು ಕಚ್ಚಿದಳು. ಎಲ್ಲರೂ ನೋಡುತ್ತಿದ್ದರಿಂದ ಪೂರ್ತಿ ತಿನ್ನಲೇಬೇಕಾಗಿತ್ತು.

"ಹೇಗಿದೆ ಅತ್ತಿಗೆ? ಅಣ್ಣನ ಥರಾನೇ ಇದೆಯಾ?"

"ಅವರದೇ," ಅಂದಳು.