ಮೂರನೇ ಭಾಗ ಬರೂದಿಲ್ಲಂತ

ಸೂಜಿ ತುದಿಗೆ ಬಿಸಲು ಬಿತ್ತು, ಅಂದ್ರ ಎರಡೂವರಿ ಆತು, ಬಿಸಲು ಹೊಸ್ತಿಲಾ ದಾಟಿ ನನ್ನ ಮೊಣಕಾಲಿಗೆ ಬಂದ್ರ ಮೂರು, ಗ್ವಾಡಿ ಮ್ಯಾಲಿನ ಗಡಿಯಾರ ಅಂತೂ ಯಾವಾಗಲೂ ಹತ್ತು ನಿಮಿಷ ಮುಂದ, ನಮ್ಮ ಮನಿಯವ್ರ ಹಂಗ, ನಮಾಜಿಗೂ ಮುಂದ, ಊಟಕ್ಕೂ ಮುಂದ — ಮೂರಕ್ಕ ಶಿವಲಿಂಗವ್ವ ಬರ್ತಾಳ, ಬೈರಿದೇವರಕೊಪ್ಪದಾಗ ಚಿಗರಿ ಬಸ್ ಹತ್ತಿ, ಇಳದು, ಕಮರಿಪೇಟಿ ಓಣಿ ತನಕಾ ನಡಕೋತ, ಎಡಗೈಯಾಗ ಸೀರಿ ನಿರಗಿ ಎತ್ತಿ ಹಿಡಕೊಂಡು, ಬಲಗೈಯಾಗ ಡಬ್ಬಿ, ಡಬ್ಬಿಯಾಗ ಗುರೆಳ್ಳ ಚಟ್ನಿ ಇಲ್ಲಾ ಶೇಂಗಾ ಹೋಳಗಿ — ಬರ್ತಾಳೇನು, ಯಾಕ ಬರಬೇಕು, ಇವತ್ತ ನೋಡಾಕ ಏನೈತಿ ಇಲ್ಲಿ. ಮುಂಜಾನೆ ಚಾ ಕುಡಿಯುವಾಗ ನಮ್ಮ ಸೊಸಿ ಅಫ್ರೀನ್ ಮೊಬೈಲ್ ನೋಡಕೋತನ ಅಂದ್ಲು, ಅಮ್ಮಿ, ನಿಮ್ಮ ಸೀರಿಯಲ್ ಬಂದ್ ಮಾಡಿದ್ರಂತ ನೋಡ್ರಿ, ಮೂರನೇ ಭಾಗ ಬರೂದಿಲ್ಲಂತ. ಬರೂದಿಲ್ಲ ಅಂದ್ರ, ಅದರಾಗಿನ ಮುದುಕಿ ಏನಾದ್ಲು ಮತ್ತ, ಅಂದೆ. ಅದನ್ನ ಹೇಳಂಗಿಲ್ಲಂತ ಅಮ್ಮಿ, ನೋಡೋರು ಕಡಿಮಿ ಆದ್ರಂತ. ಚಾದಾಗ ಅದ್ದಿದ ಬಿಸ್ಕೀಟ ಮುರದು ತಳಕ್ಕ ಹೋತು, ನಾ ಹಂಗ ನೋಡಕೋತ ಕುಂತೆ. ನೋಡೋರು ಕಡಿಮಿ, ಅಲ್ಲೇ ಇಲ್ಲೇ ಎಣಸ್ಯಾರ, ಕಮರಿಪೇಟ್ಯಾಗ ಇಬ್ರು ಕುಂತಾರ, ಕೈಯಾಗ ಸೂಜಿ ಹಿಡದು, ಎರಡು ವರ್ಷ ಒಂದು ಐತಾರ ತಪ್ಪಿಸಿಲ್ಲ, ನಮ್ಮನ್ನ ಎಣಿಸಿದ್ರೋ ಇಲ್ಲೋ ಯಾರಿಗೆ ಗೊತ್ತು.

ಆ ಸೀರಿಯಲ್ಲಿಗೆ ನಾವಿಬ್ರೂ ಬಿದ್ದದ್ದ ಒಂದು ತಮಾಷಿ. ಆಗಿನ್ನೂ ಶಿವಲಿಂಗವ್ವ ಬಾಜೂ ಮನ್ಯಾಗ ಇದ್ಲು, ಗ್ವಾಡಿಗೆ ಗ್ವಾಡಿ, ಆಕಿ ಒಗ್ಗರಣಿ ಹಾಕಿದ್ರ ನನಗ ಸೀನು ಬರ್ತಿತ್ತು, ಅಫ್ರೀನ್ ಟಿವ್ಯಾಗ ಏನೋ ಹಚ್ಚಿ ಒಳಗ ಹೋದ್ಲು, ನೋಡಿದ್ರ ಒಂದು ದೊಡ್ಡ ಪತ್ರಾಸಿನ ಶೆಡ್ಡು, ಅದರಾಗ ಮುಗಲಿಗೆ ಹೋಗೂ ಹಡಗ ಕಟ್ಟಾಕತ್ತಾರ, ಕಿಡಿ ಹಾರಾಕತ್ತಾವ, ಮೂಲ್ಯಾಗ ಒಬ್ಬ ಮುದುಕಿ ಕುಂತು ಸೂಜಿಗೆ ದಾರ ಪೋಣಸಾಕತ್ತಾಳ, ದಾರದ ತುದಿ ನಾಲಗಿಗೆ ಹಚ್ಚಿ, ಒಂದು ಕಣ್ಣ ಮುಚ್ಚಿ. ಅಯ್ಯ ಹಾಜರಾ, ಅಲ್ಲೂ ದಾರಕ್ಕ ಎಂಜಲ ಹಚ್ತಾರಲ್ಲ ನೋಡ, ಅಂದ್ಲು ಶಿವಲಿಂಗವ್ವ. ಅಷ್ಟ ಸಾಕಾತು ನಮಗ. ಹಡಗಿನ್ಯಾಗ ಹೋಗೋರಿಗೆ ಮೈತುಂಬ ಮುಚ್ಚೂ ಅರಿವಿ ಬೇಕಲ್ಲ, ಅದನ್ನ ಹೊಲಿಯಾಕಿ ಅಕಿ, ಹೆಸರು ಏನೋ ಇಂಗ್ಲೀಷ ಹೆಸರು, ನಮ್ಮ ನಾಲಗಿಗೆ ಹೊಳ್ಳಲಿಲ್ಲ, ನಾವು ಸೂಜಿ ಮುದುಕಿ ಅಂತ ಕರದ್ವಿ. ಮಾತೆಲ್ಲ ಪುಸ್ತಕದ ಕನ್ನಡ, ಆ ಕ್ಯಾಪ್ಟನ್ ಬಂದು, ಸಮಯ ಮೀರುತ್ತಿದೆ, ನಾವು ಈ ಗ್ರಹವನ್ನು ತೊರೆಯಲೇಬೇಕು ಅಂತಾನ, ಶಿವಲಿಂಗವ್ವ ಇಲ್ಲಿಂದ, ತೊರಿಯಪಾ, ಯಾರ ಬ್ಯಾಡ ಅಂದಾರ, ಉಂಡು ಹೋಗು ಅಂತಾಳ, ನಕ್ಕು ನಕ್ಕು ನನ್ನ ಹೊಲಗಿ ಸೊಟ್ಟ ಆಗ್ತಿತ್ತು. ಎಂಟು ತಿಂಗಳ ಆದಮ್ಯಾಲೆ ಅಫ್ರೀನ್ ಹೇಳ್ತಾಳ, ಅಮ್ಮಿ, ಇದು ಮೊದಲಿನ ಕಥಿ, ಹಡಗ ಹಾರಿದ ಮ್ಯಾಲಿನ ಕಥಿ ಹತ್ತು ವರ್ಷದ ಹಿಂದ ಬಂದ ಹೋಗೇತಿ, ಈಗ ಅದಕ್ಕೂ ಮೊದಲ ಏನಾಗಿತ್ತಂತ ತೋರಸಾಕತ್ತಾರ. ಹೆಂಗವ್ವಾ ಅದು, ಮಗನ ಲಗ್ನ ಆದಮ್ಯಾಲೆ ಅವ್ವನ ಲಗ್ನ ತೋರಿಸಿದಂಗ ಆತಲ್ಲ, ಅಂದ್ಲು ಶಿವಲಿಂಗವ್ವ. ಆ ಹಳೇದನ್ನೂ ಹಚ್ಚಿ ತೋರಿಸಿದ್ಲು ಅಫ್ರೀನ್, ಅರ್ಧಾ ನೋಡಿದ್ವಿ, ಬರೇ ಗುಂಡು, ಬೆಂಕಿ, ಓಡೂದು, ಎಲ್ಲಾರ ಮೈಮ್ಯಾಲೆ ಅದ ಅರಿವಿ, ಹೊಲದಾಕಿ ಯಾರು ಅಂತ ಒಬ್ರರೆ ಕೇಳ್ತಾರೇನು, ಮುದುಕಿ ಅದರಾಗ ಇಲ್ಲನ ಇಲ್ಲ. ಬಂದ್ ಮಾಡವ್ವಾ ಅಂದ್ಲು ಶಿವಲಿಂಗವ್ವ, ನಮ್ಮದ ಹಚ್ಚು. ಅಲ್ಲಿಂದ ಜಗಳ ನಮ್ಮದು, ಮುದುಕಿ ಹಡಗ ಹತ್ತತಾಳೋ ಉಳೀತಾಳೋ, ಆಕಿ ಹತ್ತತಾಳ ಅಂತ, ನಾನು ಉಳೀತಾಳ ಅಂತ. ಹೋದ ಐತಾರ ಮುದುಕಿ ಹಡಗಿನ ಬಾಗಿಲದಾಗ ಬಂದು ನಿಂತ್ಲು, ಒಂದು ಕಾಲು ಒಳಗ, ಒಂದು ಕಾಲು ಹೊರಗ, ಕ್ಯಾಪ್ಟನ್ ಬಾಗಿಲ ಮುಚ್ಚಿರಿ ಅಂದ, ಮುದುಕಿ ಹಿಂದ ಹೊಳ್ಳಿ ನೋಡಿದ್ಲು, ಆತು, ಎರಡನೇ ಭಾಗ ಅಲ್ಲಿಗೆ ಮುಗೀತು, ಟಿವಿ ಕರ್ರಗ. ತಡಿ, ಮುಂದಿನ ಐತಾರ ನೋಡೂಣು, ಅಂದು ಡಬ್ಬಿ ತಗೊಂಡು ಹೋದ್ಲು ಶಿವಲಿಂಗವ್ವ. ಮುಂದಿನ ಐತಾರ ಇವತ್ತ.

ಇವತ್ತ, ಇವತ್ತ ಅಂತ ಎಷ್ಟು ಐತಾರ ದೂಡೀದಿ ಹಾಜರಾಬಿ, ಸೀರಿಯಲ್ ಮುಗೀಲಿ ಆಮ್ಯಾಲೆ ಹೇಳ್ತೇನಿ, ಆಕಿ ಚಾ ಕುಡೀಲಿ ಆಮ್ಯಾಲೆ ಹೇಳ್ತೇನಿ, ಆಕಿಗೆ ಬಸ್ಸಿಗೆ ಹೊತ್ತಾತು ಮುಂದಿನ ವಾರ ಹೇಳ್ತೇನಿ. ಈಗ ಮುಂದಿನ ವಾರನ ಇಲ್ಲ. ದಸರಾ ಆದಮ್ಯಾಲೆ ಆಕಿ ಮಗ ಅಮರೇಶ ಬೈರಿದೇವರಕೊಪ್ಪದಾಗ ಹೊಸಾ ಮನಿ ಮಾಡಿದ, ಛಲೋ ಮನಿ, ಲಿಫ್ಟ ಐತಿ, ಹೋಗುವಾಗ ಶಿವಲಿಂಗವ್ವ ಹಳೇ ಅರಿವಿ ಗಂಟು ನನಗ ಕೊಟ್ಲು, ತಗೋ ಹಾಜರಾ, ಕೌದಿಗೆ ಆಗ್ತಾವು. ನಾ ಮನಸ್ಸಿನ್ಯಾಗ ಅಂದ್ಕೊಂಡೆ, ಇದನ್ನ ನಿನಗ ಹೊಲದು ಕೊಡ್ತೇನಿ ತಡಿ, ನಿನ್ನ ಅರಿವಿ, ನನ್ನ ಅರಿವಿ ಕೂಡಿಸಿ, ಲಿಫ್ಟಿನ ಮನ್ಯಾಗ ಹೊಚ್ಕೊಂಡು ಮಲಗು — ಆಕಿಗೆ ಮಾತ್ರ ಧಾರವಾಡದ ಗಿರಾಕಿದು ಅಂತ ಸುಳ್ಳ ಹೇಳಿದೆ, ಅದು ಸಣ್ಣ ಸುಳ್ಳ, ಸವಿ ಸುಳ್ಳ. ಅದ ರಾತ್ರಿನ ಕತ್ತರಿ ಹಿಡದು ಕುಂತೆ, ಹುರುಪು ನೋಡ ನನಗ, ಗಂಟಿನ ತಳದಾಗ ಒಂದು ಗುಲಾಬಿ ಬಣ್ಣದ ಅರಿವಿ, ಉದ್ದನ ಉದ್ದ, ಮೆತ್ತಗ, ಎಷ್ಟು ಛಲೋ ಅರಿವಿ ಅಂತ ಎಂಟು ತುಕಡಿ ಮಾಡಿ ನಡು ನಟ್ಟನಡು ಹಚ್ಚಿಬಿಟ್ಟೆ. ವಾರ ಬಿಟ್ಟು ಫೋನು, ಹಾಜರಾ, ಅವರ ಪಟಕಾ ಸಿಗವಲ್ದು, ಟ್ರಂಕಿನ್ಯಾಗ ತಳಕ್ಕ ಇಟ್ಟಿದ್ದೆ, ನಿನ್ನ ಗಂಟಿನ್ಯಾಗ ಏನರೆ ಬಂದೈತೇನ ನೋಡ. ಆಕಿ ಮನಿಯವ್ರು ಬಸವಪ್ರಭು ಅಣ್ಣಾರ ಪಟಕಾ! ಹತ್ತಿ ಅಡತಿಗೆ ಹೋಗುವಾಗ ಕನ್ನಡಿ ಮುಂದ ನಿಂತು ಸುತ್ತಕೋತಿದ್ರು, ಶಿವಲಿಂಗವ್ವ ಒಂದು ತುದಿ ಹಿಡಕೊಂಡು ಈ ಬಾಗಿಲದ ತನಕಾ ಬರ್ತಿದ್ಲು, ಅಷ್ಟು ಉದ್ದ, ನಾ ಈ ಹೊಸ್ತಿಲದಾಗ ಕುಂತು ನೋಡಿ ನಗ್ತಿದ್ದೆ, ಮೂವತ್ತು ವರ್ಷ ನೋಡೇನಿ ಆ ಪಟಕಾ, ಅಣ್ಣಾರ ತಲಿ ಮ್ಯಾಲೆ ಇದ್ದಾಗ ಗುರತಿತ್ತು, ಕೈಯಾಗ ಬಂದಾಗ ಗುರತ ಹತ್ತಲಿಲ್ಲ, ಯಾ ಅಲ್ಲಾ. ಅಣ್ಣಾರು ಹೋಗಿ ನಾಕು ವರ್ಷ ಆತು. ಫೋನಿನ್ಯಾಗ ಬಾಯಿ ತಗದೆ, ಬಂತು ಮಾತು, ಇಲ್ಲಕ್ಕಾ, ನನ್ನ ಗಂಟಿನ್ಯಾಗ ಇಲ್ಲ. ಕೌದಿ ತೊಡಿ ಮ್ಯಾಲೆ ಇತ್ತು, ಎಂಟೂ ತುಕಡಿ ನನ್ನನ್ನ ನೋಡಾಕತ್ತಿದ್ವು. ಇದು ಸವಿ ಸುಳ್ಳ ಅಲ್ಲ.

ಆವತ್ತಿನಿಂದ ಪ್ರತಿ ಐತಾರ ಕೌದಿ ಹಾಸೂದೂ ಒಂದು ಕಸರತ್ತು, ನಡುವಿನ ಭಾಗ ನನ್ನ ಮೊಣಕಾಲ ಕೆಳಗ, ಅಂಚು ಆಕಿ ಕಡೆ, ಅಕ್ಕಾ ನೀ ಆ ಕಡೆ ಹೊಲಗಿ ಹಾಕು ಅಂತ, ಆಕಿ ಕಣ್ಣಾಗ ಪೊರಿ ಇತ್ತು, ಚಿಂತಿ ಇರಲಿಲ್ಲ, ಈಗ ತಿಂಗಳಾತು ಆಪರೇಶನ್ ಮಾಡಿಸ್ಯಾಳ, ತಾನ ಸೂಜಿ ಪೋಣಸಾಕತ್ತಾಳ, ಮುದುಕಿಗಿಂತ ಲಗೂ ಪೋಣಸ್ತೇನಿ ನೋಡ ಅಂತಾಳ, ನಾ ನಡುವಿನ ಭಾಗ ಇನ್ನಷ್ಟು ಒಳಗ ಮಡಚ್ತೇನಿ. ಮತ್ತ ಖರೇ ಹೇಳ್ಬೇಕಂದ್ರ ನಾ ಸುಖದಾಗ ಇದ್ದೇನಿ, ಇದ ಒಂದು ಮುಳ್ಳ ಬಿಟ್ರ ಇನ್ನೇನು ಕಡಿಮಿ ನನಗ, ಮನಿಯವ್ರು ಗಾದಿ ಅಂಗಡ್ಯಾಗ ಹತ್ತಿ ತುಂಬಿ ಬಂದು ಉಂಡು ಮಲಗ್ಯಾರ, ಗೊರಕಿ ಕೇಳಾಕತ್ತೈತಿ, ಸೊಸಿ ಬೈಯಂಗಿಲ್ಲ, ಮೊಣಕಾಲ ನೋವು ಥಂಡಿ ಬಂದ್ರ ಅಷ್ಟ, ಈ ಬಿಸಲು, ಈ ಹೊಸ್ತಿಲಾ, ಈ ಕೌದಿ. ಮನ್ಯಾಗ ಎಲ್ಲಾರ ಜೋಡಿ ಉರ್ದು, ಶಿವಲಿಂಗವ್ವನ ಜೋಡಿ ಕನ್ನಡ, ನನ್ನ ಜೋಡಿ ನಾನ ಮಾತಾಡುವಾಗ ಯಾವಾಗಿನಿಂದಲೋ ಆಕಿ ಮಾತನ ಬರ್ತೈತಿ ನೋಡ, ಈಗ ಬಂದಂಗ. ಆಕಿ ಬರೂದು ನಿಂತ್ರ ನಾ ಯಾವ ಮಾತಿನ್ಯಾಗ ವಿಚಾರ ಮಾಡ್ಲಿ. ನಮ್ಮ ಅವ್ವ ಹೇಳಿಕೊಟ್ಟ ಪದ್ಧತಿ, ಕೌದಿದು ಕಡೀ ಮೂಲಿ ಹೊಲದಾಕಿ ಮುಚ್ಚಬಾರದು, ಹೊಚ್ಕೊಳ್ಳೋರು ಬಂದು ಮುಚ್ಚಬೇಕು, ಇಲ್ಲಂದ್ರ ಅದರಾಗ ನಿದ್ದಿ ಬರಂಗಿಲ್ಲಂತ. ಮೂರು ಮೂಲಿ ಆಗ್ಯಾವ, ನಾಕನೇದು ಬಾಯಿ ತಗದು ಕುಂತೈತಿ, ಸೂಜಿ ಅದರಾಗ ಚುಚ್ಚಿಟ್ಟೇನಿ, ಕೆಂಪು ದಾರ ಜೋತಾಡಾಕತ್ತೈತಿ. ಬಾ ಅಕ್ಕಾ, ಈ ಮೂಲಿ ಮುಚ್ಚು ಅನ್ನಬೇಕಂದ್ರ ಕೌದಿ ಪೂರಾ ಬಿಚ್ಚಿ ಹಾಸಬೇಕು. ಪೂರಾ ಹಾಸಿದ್ರ ಪಟಕಾ. ಬಿಸಲು ಮೊಣಕಾಲಿಗೆ ಬಂತು. ಗಡಿಯಾರದಾಗ ಮೂರು ಹೊಡದು ಹತ್ತು. ಆಕಿಗೆ ಗೊತ್ತಾಗಿರಬೇಕು, ಆಕಿ ಸೊಸಿ ಉಮಾಶ್ರೀಗೂ ಮೊಬೈಲ್ ಐತಿ, ಅತ್ತಿ ನಿಮ್ಮ ಸೀರಿಯಲ್ ಬಂದಾತು ಅಂದಿರ್ತಾಳ, ಹೌದೇನವ್ವಾ, ಬರೋಬ್ಬರಿ ಆತು, ನನಗೂ ಬಸ್ ಹತ್ತಿಳದು ಸಾಕಾಗಿತ್ತು ಅಂತ ಗ್ಯಾಲರಿಯಾಗ ಕುಂತಿರ್ತಾಳ, ಕೂಡ್ಲಿ ಬಿಡ, ಆಕಿಗೂ ಅರವತ್ತೈದಾತು — ಬಾರವ್ವಾ, ಬಂದು ಬೈದು ಹೋಗು, ಬೈಯಾಕರೆ ಬಾ.

ಹಾಸಿಬಿಟ್ಟೆ. ಎದ್ದು, ಕೊಡವಿ, ಪೂರಾ ಹಾಸಿದೆ, ಪಡಸಾಲಿ ತುಂಬ, ಟಿವಿ ಕೆಳಗಿನಿಂದ ಹೊಸ್ತಿಲದ ತನಕಾ, ನಡುವ ಎಂಟು ಗುಲಾಬಿ ತುಕಡಿ, ಬಿಸಲಿನ್ಯಾಗ ಹೊಸಾವಂಗ ಕಾಣಾಕತ್ತಾವ, ಇನ್ನ ಮುಚ್ಚಿಡಾಕ ಮೊಣಕಾಲ ಸಾಲಂಗಿಲ್ಲ, ಆತು. ಓಣ್ಯಾಗ ಚಪ್ಪಲಿ ಸಪ್ಪಳ, ಚಟ್ ಚಟ್, ಒಂದು ಹೆಜ್ಜಿ ಜೋರು ಒಂದು ಹೆಜ್ಜಿ ಸಾವಕಾಶ, ಆಕೀನ, ಎಡಗಾಲು ಎಳೀತಾಳ, ನೂರು ಮಂದಿ ನಡಕೋತ ಬಂದ್ರೂ ಹೇಳ್ತೇನಿ. ಬಾಗಿಲದಾಗ ನೆರಳ. ಡಬ್ಬಿ ಕೆಳಗಿಟ್ಲು, ಬಲಗಾಲಿನ ಚಪ್ಪಲಿ ಬಿಟ್ಟು ಬಲಗಾಲ ಒಳಗಿಟ್ಲು, ಕಣ್ಣ ಕೌದಿ ಮ್ಯಾಲೆ ಬಿತ್ತು, ಅಲ್ಲೇ ನಿಂತ್ಲು, ಒಂದು ಕಾಲು ಒಳಗ, ಒಂದು ಕಾಲು ಹೊರಗ. ಬಾ ಅಕ್ಕಾ, ಟಿವಿ ಇವತ್ತ, ಅಂದೆ, ಟಿವಿ — ಗೊತ್ತೈತಿ ಬಿಡ, ಬುಧವಾರನ ಉಮಾಶ್ರೀ ಹೇಳಿದ್ಲು, ಮೂರನೇದು ಇಲ್ಲಂತ, ಅಂದ್ಲು. ಗೊತ್ತಿದ್ದು ಮತ್ಯಾಕ ಬಂದಿ ಇಷ್ಟು ದೂರ. ನಾ ಟಿವಿ ನೋಡಾಕ ಬಂದಿಲ್ಲ, ನೀ ಮೊದಲ ಹೇಳೂದ ಹೇಳು, ಆಮ್ಯಾಲೆ ಒಳಗ ಬರೂದು ನೋಡ್ತೇನಿ. ನಾಲಗಿ ಒಣಗೇತಿ, ದಾರಕ್ಕ ಹಚ್ಚಾಕೂ ಎಂಜಲಿಲ್ಲ, ಅಕ್ಕಾ, ಅಣ್ಣಾರ ಪಟಕಾ ನನ್ನ ಗಂಟಿನ್ಯಾಗ ಬಂದಿತ್ತು, ಗುರತ ಹತ್ತಲಿಲ್ಲ, ಕತ್ತರಿಸಿದೆ, ನೀ ಕೇಳಿದಾಗ ಇಲ್ಲ ಅಂದೆ, ಅಂಜಿ ಇಲ್ಲ ಅಂದೆ. ಅಂದುಬಿಟ್ಟೆ, ಎಲ್ಲಾ ಅಂದುಬಿಟ್ಟೆ, ಗೊರಕಿ ಸಹಿತ ನಿಂತಂಗಾತು. ಎಂಟು ತುಕಡಿ, ಅಂದ್ಲು ಶಿವಲಿಂಗವ್ವ. ಹ್ಞಾ? ಎಂಟು ತುಕಡಿ ಮಾಡೀದಿ, ಆಪರೇಶನ್ ಆದ ಮೊದಲನೇ ಐತಾರನ ಎಣಿಸೇನಿ, ನೀ ಚಾ ಮಾಡಾಕ ಒಳಗ ಹೋಗಿದ್ದಿ, ಏಳು ನೆಟ್ಟಗ ಅದಾವ, ಒಂದು ಸೊಟ್ಟ ಐತಿ, ಅವತ್ತಿನಿಂದ ಕುಂತೇನಿ, ಈಕಿ ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ, ಆ ಮುದುಕಿಗಿಂತ ನಿನ್ನನ್ನ ನೋಡೂದ ಹೆಚ್ಚಾಗಿತ್ತು ನನಗ. ನಗಾಕತ್ತಾಳೋ ಅಳಾಕತ್ತಾಳೋ ತಿಳೀವಲ್ದು, ಬಿಸಲು ಆಕಿ ಬೆನ್ನಿಗೈತಿ, ಮಾರಿ ಕಾಣವಲ್ದು. ಸೊಟ್ಟ ಇದ್ದದ್ದ ಬಿಚ್ಚಿ ಹೊಲೀತೇನಿ ಅಕ್ಕಾ. ಬ್ಯಾಡ, ಇರ್ಲಿ, ಅವರೂ ಪಟಕಾ ಸೊಟ್ಟನ ಸುತ್ತಕೋತಿದ್ರು. ಯಾವ ಗಿರಾಕಿಗೆ ಕೊಡ್ತಿ ಇದನ್ನ, ಧಾರವಾಡದಾಕಿಗೆ? ಧಾರವಾಡದಾಕಿ ಯಾರೂ ಇಲ್ಲ ಅಕ್ಕಾ. ಮೂಲಿ ಎತ್ತಿದೆ, ಬಾಯಿ ತಗದ ಮೂಲಿ, ಸೂಜಿ ಮುಂದ ಹಿಡದೆ, ಇದು ನಿಂದು, ಈ ಮೂಲಿ ನೀ ಮುಚ್ಚಬೇಕು. ಆಕಿ ಪಟಕಾದ ತುಕಡಿ ನೋಡಾಕತ್ತಾಳ, ನಾನು ಆಕಿ ಕಾಲ ನೋಡಾಕತ್ತೇನಿ, ಒಂದು ಒಳಗ, ಒಂದು ಹೊರಗ, ಬಾಗಿಲ ಮುಚ್ಚಿರಿ ಅನ್ನಾಕ ಇಲ್ಲಿ ಯಾವ ಕ್ಯಾಪ್ಟನ್ನೂ ಇಲ್ಲ, ಟಿವಿ ಕರ್ರಗೈತಿ, ಹೊರಗಿನ ಕಾಲು, ಎಡಗಾಲು, ಎಳಿಯೂ ಕಾಲು, ಸವದ ಚಪ್ಪಲಿ, ಹಿಮ್ಮಡಿ ಮ್ಯಾಲ ಎದ್ದಿತು, ಚಪ್ಪಲಿ ಸಡಲಾತು, ಉಂಗುಟದಿಂದ ಜಾರಿತು, ಕಲ್ಲಿನ ಮ್ಯಾಲೆ ಚಟ್ ಅಂತು — ಬರಿಗಾಲು, ಬಿಸಲಿನ್ಯಾಗ, ಹೊಸ್ತಿಲದ ಮ್ಯಾಲೆ.