ದೊಡ್ಡಕ್ಕನ ಕುರ್ಚಿಯಲ್ಲಿ ಕೂತವಳು

ಆ ಕೌನ್ಸೆಲಿಂಗ್ ಕೇಂದ್ರದ ಮೆಟ್ಟಿಲು ಹತ್ತುವಾಗ ಅಲ್ಲಿ ಕೆಲಸ ಮಾಡುವವರ ಫೋಟೋಗಳು ಗೋಡೆಯುದ್ದಕ್ಕೂ ಕಾಣುತ್ತವೆ. ಕೆಳಗೆ ಅವರ ಡಿಗ್ರಿ ಸಣ್ಣದಾಗಿ, ಈ ಕೆಲಸಕ್ಕೆ ಬರುವ ಮೊದಲು ಏನಾಗಿದ್ದರು ಎಂಬುದು ದೊಡ್ಡದಾಗಿ. ಹಾಗೆ ಬರೆಸಿದವರು ಕೇಂದ್ರ ಶುರುಮಾಡಿದ ದೊಡ್ಡಕ್ಕ. "ಅವರು ಹೊಟ್ಟೇಲಿದ್ದಿದ್ದನ್ನೆಲ್ಲ ನಮಗೆ ಹೇಳ್ಬೇಕು. ನಾವು ಎಲ್ಲಿಂದ ಬಂದೋರು ಅಂತಾನೂ ಹೇಳದೆ ಕೂತ್ರೆ ಹೆಂಗೆ?" ಎನ್ನುತ್ತಿದ್ದರು.

ಅವರ ಫೋಟೋದ ಕೆಳಗೆ 'ಬಟ್ಟೆ ಮಿಲ್ಲಿನ ಮಗ್ಗದ ಕೆಲಸ' ಎಂದಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಮೆಟ್ಟಿಲಿನಿಂದ ತೆಗೆದು ಅವರದೇ ಕೋಣೆಯೊಳಗೆ ಪಕ್ಕದ ಗೋಡೆಗೆ ಹಾಕಿದರು. ಆ ಕೋಣೆಯಲ್ಲಿ ಎರಡು ಕುರ್ಚಿ. ಕಿಟಕಿಗೆ ಬೆನ್ನು ಹಾಕಿದ್ದು ದೊಡ್ಡಕ್ಕನದು. ಎದುರಿನದು ಬಂದವರದು, ಕಿಟಕಿಯ ಬೆಳಕೆಲ್ಲ ಬಂದವರ ಮುಖದ ಮೇಲೇ ಬೀಳುತ್ತಿತ್ತು.

ದೊಡ್ಡಕ್ಕನ ಜಾಗಕ್ಕೆ ಹೊಸಬಳು ಬಂದಳು. ಅವಳ ಫೋಟೋದ ಕೆಳಗೆ 'ಸಹಾಯವಾಣಿ' ಎಂದು ಬರೆದರು. ಬದುಕು ಬೇಡವೆಂದು ಫೋನು ಮಾಡುವವರ ಮಾತನ್ನು ವರ್ಷಗಟ್ಟಲೆ ಕೇಳಿದವಳು. ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹಾಗೆ ಮಾಡಿದರೆ ಆ ಕಡೆಯವರ ಉಸಿರೂ ಕೇಳುತ್ತದೆ. ನಡುನಡುವೆ ತಲೆಯಾಡಿಸುವ ಅಭ್ಯಾಸ ಬೇರೆ. "ಫೋನಲ್ಲಿ ತಲೆಯಾಡಿಸಿದ್ರೆ ಯಾರಿಗೆ ಕಾಣ್ಬೇಕೇ?" ಎಂದು ಗೆಳತಿಯರು ಆಡಿಕೊಳ್ಳುತ್ತಿದ್ದರು.

ಪಕ್ಕದ ಕೋಣೆಯಾತ ಹಿಂದೆ ಜೈಲಿನ ವಾರ್ಡರ್. ಎಲ್ಲರ ಬಾಯಲ್ಲೂ ಜೈಲಣ್ಣ. ಈಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುವವನಲ್ಲ.

"ಹಳೇ ಕೆಲಸ ಅನ್ನೋದು ಬೆಳ್ಳುಳ್ಳಿ ಇದ್ದಂಗೆ ಕಣಮ್ಮ. ಕೈ ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ," ಎಂದ ಮೊದಲ ದಿನ. ಆಮೇಲೆ ನಗು ಬಿಟ್ಟು ಹೇಳಿದ: "ಒಬ್ಬಳು ಟೈಲರಮ್ಮ ಬರ್ತಾಳೆ. ತಂಗೀನ ಹೊಳೆ ಎಳ್ಕೊಂಡು ಹೋಯ್ತು. ಕೈ ಬಿಟ್ಟಿದ್ದು ನಾನೇ ಅಂತ ಕೊರಗ್ತಾಳೆ. ಒಂದ್ಸಲ ತಾನೂ ಅದೇ ನೀರಿಗೆ ಇಳಿದೋಳು. ದೊಡ್ಡಕ್ಕ ಹೋಗೋ ಮುಂಚೆ ನನ್ನ ಕೈ ಹಿಡ್ಕೊಂಡು ಹೇಳಿದ್ದು ಒಂದೇ ಮಾತು. ಅವಳ್ನ ಬಿಡಬೇಡ್ರೋ ಅಂತ."

"ನನ್ನ ಹತ್ರ ಮಾತಾಡ್ತಾಳಾ ಜೈಲಣ್ಣ?"

"ದೊಡ್ಡಕ್ಕನ ಹತ್ರ ಆಡ್ತಿದ್ಳಂತೆ. ನಾನಂತೂ ಗೋಡೆಯಾಚೆ ಕೂತು ಒಂದು ದಿನಾನೂ ಅವಳ ದನಿ ಕೇಳಿಲ್ಲ."

ಟೈಲರಮ್ಮ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಉಳಿದಿತ್ತು. ಕೂತು, ಹೊಸಬಳ ಭುಜದಾಚೆ ಕಿಟಕಿಯನ್ನು ನೋಡತೊಡಗಿದಳು. ಮೌನ ಹೊಸಬಳಿಗೆ ಹೊಸದಲ್ಲ. ಕೆದಕಬಾರದು, ಜೊತೆಗಿರಬೇಕು, ಅಷ್ಟೆ. ಕಣ್ಣು ಮುಚ್ಚಿದಳು. ಫ್ಯಾನು ಕಿರುಗುಟ್ಟುವುದು ಕೇಳಿಸಿತು. ಅದರ ಕೆಳಗೆ ಒಂದು ಉಸಿರು ಏರಿತು, ಇಳಿಯಿತು, ತಡವರಿಸಿತು. ನಾನಿದ್ದೇನೆ ಎಂಬಂತೆ ಹೊಸಬಳು ತಲೆಯಾಡಿಸಿದಳು.

ವಾರ ವಾರವೂ ಹೀಗೇ ನಡೆಯಿತು. ಟೈಲರಮ್ಮ ಎದ್ದು ಹೋದ ಮೇಲೆ ಮಾತ್ರ ಆ ಕೋಣೆಯಲ್ಲಿ ಕೂರಲು ಹೊಸಬಳಿಗೆ ಮೈ ಜುಮ್ಮೆನ್ನುತ್ತಿತ್ತು.

"ಯಾರೋ ಬೇಕಾದಷ್ಟು ಮಾತಾಡಿ ಎದ್ದು ಹೋದಂಗಿರುತ್ತೆ ಜೈಲಣ್ಣ. ಒಂದು ಸದ್ದೂ ಆಗಿರಲ್ಲ. ಆದ್ರೂ ಗಾಳಿಯೆಲ್ಲ ಬಿಸಿ."

ಜೈಲಣ್ಣ ತಮಾಷೆ ಮಾಡಲಿಲ್ಲ. "ಅಂಥ ಒಂದು ಕೋಣೆ ನಮ್ಮ ಜೈಲಲ್ಲೂ ಇತ್ತು," ಎಂದಷ್ಟೇ ಹೇಳಿ ತನ್ನ ಕೋಣೆಗೆ ಹೋದ.

ಮುಂದಿನ ಸಲ ಟೈಲರಮ್ಮ ಒಂದು ರವಿಕೆ ತಂದು ಮೇಜಿನ ಮೇಲಿಟ್ಟಳು. ದೊಡ್ಡಕ್ಕ ಹೊಲಿಯಲು ಕೊಟ್ಟಿದ್ದೆಂದು ಅದಕ್ಕೆ ಚುಚ್ಚಿದ ಚೀಟಿ ಹೇಳುತ್ತಿತ್ತು. ಅಂಚು ಮಡಿಸಿ, ಹುಕ್ಕು ಕೂರಿಸಿ, ಇಸ್ತ್ರಿಯನ್ನೂ ಮಾಡಿ ತಂದಿದ್ದಳು. ಸತ್ತವರ ರವಿಕೆಯನ್ನು ಯಾರಿಗಾಗಿ ಮುಗಿಸುತ್ತಾರೆ? ಸಾಯಲು ಹೊರಟವರು ಬಾಕಿ ಕೆಲಸ ತೀರಿಸುತ್ತಾರೆಂದು ಸಹಾಯವಾಣಿ ಹೊಸಬಳಿಗೆ ಕಲಿಸಿತ್ತು. ಕಣ್ಣು ಮುಚ್ಚಲು ನೋಡಿದಳು, ರೆಪ್ಪೆ ನಿಲ್ಲಲಿಲ್ಲ. ಸುಮ್ಮನೆ ಕೂತವರ ಮುಖವನ್ನು ದಿಟ್ಟಿಸುವುದು ಸರಿಯಲ್ಲವೆಂದು ಪಕ್ಕದ ಗೋಡೆಯ ಫೋಟೋದತ್ತ ಕಣ್ಣು ಹೊರಳಿಸಿದಳು.

ಫೋಟೋದಲ್ಲಿ ದೊಡ್ಡಕ್ಕನ ತುಟಿ ಆಡುತ್ತಿತ್ತು.

ಹೊಸಬಳು ಕುರ್ಚಿಯಿಂದ ಅರ್ಧ ಎದ್ದಳು. ಆಮೇಲೆ ತಿಳಿಯಿತು. ಎದುರು ಕೂತವಳ ಮುಖ ಫೋಟೋದ ಗಾಜಿನಲ್ಲಿ ಮೂಡಿ ದೊಡ್ಡಕ್ಕನ ಮುಖದ ಮೇಲೆ ಕೂತಿತ್ತು. ತಿರುಗಿದಳು. ಟೈಲರಮ್ಮ ಕಿಟಕಿ ನೋಡುತ್ತ ಒಂದೇ ಸಮನೆ ತುಟಿಯಾಡಿಸುತ್ತಿದ್ದಳು. ದನಿಯೇ ಇಲ್ಲ.

"ನೀವು... ಮಾತಾಡ್ತಿದೀರಾ?"

ತುಟಿ ನಿಂತಿತು. ಹೊರಬಂದ ದನಿ ತುಕ್ಕು ಹಿಡಿದ ಕತ್ತರಿಯಂತಿತ್ತು. "ಇಷ್ಟು ದಿನ ಇನ್ನೇನ್ ಮಾಡ್ತಿದ್ದೆ?"

"ನನಗೆ ಒಂದೂ ಕೇಳಿಸ್ಲಿಲ್ಲಮ್ಮ."

"ಕೇಳೋದಲ್ಲ ಮೇಡಂ, ನೋಡೋದು. ಮಗ್ಗದ ಸದ್ದಿಗೆ ದೊಡ್ಡಕ್ಕನ ಕಿವಿ ಹೋಗಿತ್ತು, ಇಲ್ಲಿ ಯಾರಿಗೂ ಗೊತ್ತಾಗೋಕೆ ಬಿಟ್ಟಿರ್ಲಿಲ್ಲ. ಮಿಲ್ಲಲ್ಲಿ ತುಟಿ ನೋಡ್ಕೊಂಡೇ ಮಾತಾಡ್ತಿದ್ರಂತೆ. ನಂಗೂ ಅದೇ ಸಲೀಸು. ನಮ್ಮಮ್ಮಂಗೆ ಕಣ್ಣು ಕಾಣಲ್ಲ. ಚಿಕ್ಕೋಳು ದೂರದೂರಲ್ಲಿ ಕೆಲಸದಲ್ಲಿದಾಳೆ ಅಂತ ನಂಬಿಸಿಟ್ಟಿದೀನಿ. ಅಮ್ಮನ ಮುಂದೆ ಕೂತು ಅಳೋದೂ ಹಿಂಗೇ."

"ನಾನು ಕಣ್ಣು ಮುಚ್ಕೊಂಡಿರ್ತಿದ್ದೆ."

"ದೊಡ್ಡಕ್ಕನ ಕುರ್ಚೀಲಿ ಕೂತೋರು, ನಿಮಗೂ ತುಟಿ ನೋಡೋಕೆ ಬರುತ್ತೆ ಅಂದ್ಕೊಂಡಿದ್ದೆ. ನಿಮ್ಮ ಮುಖ ನೋಡಿ ಹೇಳೋ ಧೈರ್ಯ ನನಗೆಲ್ಲಿ? ಕಿಟಕೀನೇ ನೋಡ್ತಿದ್ದೆ. ಹೋದ ಸಲ ಒಂದು ಮಾತು ಕೇಳಿ ನಿಮ್ಮ ಕಡೆ ನೋಡ್ದೆ. ತಲೆ ತಗ್ಗಿಸ್ಕೊಂಡಿದ್ರಿ. ಆಗ್ಲಿ ಅಂತ ತಲೆಯಾಡಿಸಿದ್ರಿ."

"ಏನು ಕೇಳಿದ್ರಿ?"

"ನಾನೂ ಅವಳ ಹಿಂದೆ ಹೋಗ್ಲಾ ಅಂತ."

ಫ್ಯಾನು ಕಿರುಗುಟ್ಟುತ್ತಲೇ ಇತ್ತು.

"ದೊಡ್ಡಕ್ಕನ್ನೂ ಪ್ರತಿ ಸಲ ಕೇಳ್ತಿದ್ದೆ. ಬೇಡ ಅನ್ನೋರು. ಆ ಒಂದು ಬೇಡ ಇಟ್ಕೊಂಡು ವಾರ ತಳ್ತಿದ್ದೆ. ನೀವು ಆಗ್ಲಿ ಅಂದ್ರಿ. ರವಿಕೆ ಮುಗಿಸ್ದೆ. ಅಮ್ಮನ ಮಾತ್ರೆ ಯಾವುದು ಯಾವಾಗ ಅಂತ ಪಕ್ಕದ ಮನೆಯೋರಿಗೆ ತೋರಿಸ್ದೆ. ನಿಮಗೊಂದು ಮಾತು ಹೇಳಿ ಹೋಗೋಣ ಅಂತ ಬಂದೆ."

ಹೊಸಬಳು ತನ್ನ ಕುರ್ಚಿಯನ್ನು ಎಳೆದು ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಅವಳ ಎರಡೂ ಕೈ ಹಿಡಿದಳು.

"ನಾನು ನೋಡ್ಲೇ ಇಲ್ಲ. ತಪ್ಪು ನಂದು. ಆ ತಲೆಯಾಡಿಸಿದ್ದು ನಿಮ್ಮ ಪ್ರಶ್ನೆಗಲ್ಲ. ಇನ್ನೊಂದ್ಸಲ ಕೇಳಿ. ದನಿ ತೆಗೆದು ಕೇಳಿ."

"ಹೋಗ್ಲಾ?"

"ಬೇಡ."

"ಹೋಗ್ಲಾ?" ಈ ಸಲ ಅದು ಚೀರಾಟವಾಗಿತ್ತು. ಪಕ್ಕದ ಕೋಣೆಯಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಜೈಲಣ್ಣ ಬಾಗಿಲಲ್ಲಿ ಬಂದು ನಿಂತ.

"ಬೇಡ. ಬೇಡ ಕಣಮ್ಮ."

ಟೈಲರಮ್ಮ ಟೇಪಿನ ತುದಿಯಿಂದ ಮೂಗು ಒರೆಸಿಕೊಂಡಳು. "ಕಿವುಡಿ ಹತ್ರ ಇಷ್ಟು ಕೂಗೋ ಹಾಗಿರ್ಲಿಲ್ಲ," ಎಂದಳು. ಆಮೇಲೆ ದನಿ ತೆಗೆದು ಅತ್ತಳು.

ಸಂಜೆ ಇಬ್ಬರೂ ಅವಳನ್ನು ಮನೆಗೆ ಕರೆದುಕೊಂಡು ಹೋದರು. ಚಿಕ್ಕವಳ ಸುದ್ದಿಯನ್ನು ತಾಯಿಗೆ ಅವಳೇ ಹೇಳಿದಳು. ರಾತ್ರಿಯೆಲ್ಲ ತಾಯಿ ಮಗಳ ಕೈ ಬಿಡಲಿಲ್ಲ. ಅವಳು ಈಗಲೂ ಕೇಂದ್ರಕ್ಕೆ ಬರುತ್ತಾಳೆ. ಗೋಡೆಯಾಚೆ ಜೈಲಣ್ಣನಿಗೂ ಅವಳ ದನಿ ಕೇಳುತ್ತದೆ.

ಸಹಾಯವಾಣಿಗೆ ಎಷ್ಟೋ ಮೂಕ ಕರೆಗಳು ಬರುತ್ತಿದ್ದವು. ಬರೀ ಉಸಿರು, ಆಮೇಲೆ ಕಟ್. ಖಾಲಿ ಕರೆ ಎನ್ನುತ್ತಿದ್ದರು. ಅವೆಲ್ಲ ಖಾಲಿಯಾಗಿದ್ದವೇ ಎಂದು ಹೊಸಬಳು ಯಾರನ್ನು ಕೇಳಬೇಕು? ಈಗ ಅವಳು ಯಾರೆದುರೂ ಕಣ್ಣು ಮುಚ್ಚುವುದಿಲ್ಲ. ಮನೆಯಲ್ಲಿ ಮಲಗಿದಾಗ ಮುಚ್ಚಲೇಬೇಕಲ್ಲ. ಮುಚ್ಚಿದೊಡನೆ ಮುಖವಿಲ್ಲದ ತುಟಿಗಳು ಬರುತ್ತವೆ, ಆಡುತ್ತಲೇ ಇರುತ್ತವೆ. ಅವು ಏನು ಕೇಳುತ್ತಿವೆಯೋ ಗೊತ್ತಾಗದೆ, ಬೇಡ, ಬೇಡ ಎನ್ನುತ್ತ ಅವಳು ಎದ್ದು ಕೂರುತ್ತಾಳೆ.