ಅಂಗೈಯಲ್ಲಿ ಬರೆದ ಆದೇಶ

ದೊಡ್ಡ ಡಾಕ್ಟರ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಬೆಳಗಿನ ರೌಂಡ್ಸ್‌ನಲ್ಲಿ ಯಾರೂ ಪೆನ್ನು ಹೊರಗೆ ತೆಗೆಯುವಂತಿಲ್ಲ. ಮೂವತ್ತು ಹಾಸಿಗೆ, ಒಂದೊಂದಕ್ಕೂ ಮೂರು ನಾಲ್ಕು ಸೂಚನೆ. ತರಬೇತಿಗೆ ಬಂದ ಮರಿ ಡಾಕ್ಟರುಗಳು ಅಷ್ಟನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕು. ದೊಡ್ಡ ಡಾಕ್ಟರಿಗೆ ಅವರ ಗುರುಗಳು ಹೀಗೇ ಕಲಿಸಿದ್ದರಂತೆ. ಇವರೂ ಹೀಗೇ ಕಲಿಸುತ್ತಾರಂತೆ.

ಈ ಪದ್ಧತಿ ಕಂಡರೆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದರು. ಆ ಬಾಯಿ ತೆರೆದದ್ದು ಒಂದು ಮಂಗಳವಾರ.

ಅಂದು ಹನ್ನೆರಡನೇ ಹಾಸಿಗೆಯ ಬಸ್ ಡ್ರೈವರ್‌ಗೆ, ಕಾಲಿನ ಸೋಂಕು ರಕ್ತಕ್ಕೆ ಹರಡಿದೆಯೇ ಎಂದು ನೋಡಲು, ಹತ್ತು ಗಂಟೆಗೆ ಎರಡನೇ ಸಲ ರಕ್ತ ಪರೀಕ್ಷೆ ಆಗಬೇಕಿತ್ತು. ಮಧ್ಯಾಹ್ನವಾದರೂ ಆಗಿರಲಿಲ್ಲ. ಸಿಸ್ಟರ್ ಕಣ್ಣಿಗೆ ಬಿತ್ತು, ತಾವೇ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಡ್ರೈವರ್‌ಗೆ ಏನೂ ಆಗಲಿಲ್ಲ. ಅದು ಅವನ ಅದೃಷ್ಟ. ಅದೃಷ್ಟವನ್ನು ನಂಬಿಕೊಂಡು ವಾರ್ಡು ನಡೆಸಲಾಗುತ್ತದೆಯೇ?

ಆ ಕೆಲಸ ಮರೆತವಳು ಮರಿ ಡಾಕ್ಟರುಗಳಲ್ಲಿ ಒಬ್ಬ ಹುಡುಗಿ. ವಾರ್ಡಿನಲ್ಲಿ ಅವಳಿಗೆ ‘ಜರಡಿ ಡಾಕ್ಟರ್’ ಎಂದೇ ಅಡ್ಡಹೆಸರು, ಏನು ಹೇಳಿದರೂ ಸೋರಿಹೋಗುತ್ತದೆ ಎಂದು. ದೊಡ್ಡ ಡಾಕ್ಟರು ರೋಗಿಗಳೆಲ್ಲರ ಎದುರಿಗೇ ಅವಳ ಮೇಲೆ ಹರಿಹಾಯ್ದರು. “ತಲೇಲಿ ಏನು ತುಂಬ್ಕೊಂಡಿದೀಯಮ್ಮ? ನಾಲ್ಕು ಗಂಟೆಗೆ ನಿಮ್ಮಪ್ಪನ್ನ ಕರ್ಕೊಂಡು ಬಾ. ನಿನ್ನ ತರಬೇತಿ ಇವತ್ತಿಗೆ ಮುಗೀತು!”

ಸ್ವಲ್ಪ ಹೊತ್ತಿನ ಮೇಲೆ ಸಿಸ್ಟರ್ ಅವಳನ್ನು ಹುಡುಕಿಕೊಂಡು ಹೋದರು. ಹುಡುಗಿ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಡ ಅಂಗೈ ತುಂಬ ನೀಲಿ ಶಾಯಿ ಹರಡಿಕೊಂಡಿತ್ತು.

“ಇದೇನೇ ಪುಟ್ಟಿ?”

“ರೌಂಡ್ಸಲ್ಲಿ ಯಾರಿಗೂ ಕಾಣದ ಹಾಗೆ ಕೈ ಮೇಲೆ ಬರ್ಕೋತೀನಿ ಸಿಸ್ಟರ್. ಆದ್ರೆ ಒಬ್ಬೊಬ್ಬ ರೋಗೀನ ಮುಟ್ಟಿದ ಮೇಲೂ ಕೈ ತೊಳೀಬೇಕಲ್ಲ. ಹನ್ನೊಂದನೇ ಬೆಡ್ಡಲ್ಲಿ ಗಾಯಕ್ಕೆ ಬಟ್ಟೆ ಕಟ್ಟಿ ಕೈ ತೊಳ್ಕೊಂಡೆ. ಹನ್ನೆರಡನೇ ಬೆಡ್ಡಿಂದು ಅಳಿಸಿಹೋಯ್ತು.”

ಸಿಸ್ಟರ್ ಆ ಕೈಯನ್ನು ಹಿಡಿದು ನೋಡಿದರು. ಸರಿಯಾಗಿ ಕೈ ತೊಳೆದವಳಿಗೆ ಬೈಗುಳ! ಕಾಗದದ ತುಂಡೊಂದನ್ನು ಕೊಡದ ವಾರ್ಡಿಗೆ ಗೌರವ!

ಹುಡುಗಿ ತಲೆ ತಗ್ಗಿಸಿಯೇ ಉಳಿದದ್ದನ್ನೂ ಹೇಳಿದಳು. ಎರಡು ವರ್ಷದ ಹಿಂದೆ ಮನೋವೈದ್ಯರು ಪರೀಕ್ಷೆ ಮಾಡಿ ಅವಳಿಗೆ ಎಡಿಎಚ್‌ಡಿ ಇದೆ ಎಂದಿದ್ದರು. ಗಮನವನ್ನು ಒಂದು ಕಡೆ ನಿಲ್ಲಿಸಲು ಕಷ್ಟವಾಗುವ ತೊಂದರೆ ಅದು. ಚಿಕ್ಕಂದಿನಿಂದಲೇ ಇರುತ್ತದೆ. ಮಾತ್ರೆಯಿಂದ ಅವಳಿಗೆ ಅನುಕೂಲವೂ ಆಗಿತ್ತು.

“ನಂಗೆ ಗಮನ ಇಲ್ಲ ಅಂತಲ್ಲ ಸಿಸ್ಟರ್. ಟ್ರಾಲಿ ಸದ್ದು, ಫೋನು, ಪಕ್ಕದ ಬೆಡ್ಡಿನ ಕೆಮ್ಮು, ಎಲ್ಲಾ ಒಟ್ಟಿಗೇ ನುಗ್ಗುತ್ತೆ. ಅದರ ಮಧ್ಯ ಸರ್ ಹೇಳಿದ ಮಾತನ್ನ ಹಿಡ್ಕೊಳ್ಳೋಕಾಗಲ್ಲ. ಬರ್ಕೊಂಡ್ರೆ ಒಂದೂ ತಪ್ಪಲ್ಲ.”

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನಂತಿದ್ರಿ? ಸುಮ್ನಿದ್ದಾಗ್ಲೇ ಜರಡಿ ಅಂದ್ರಿ.”

ಸಿಸ್ಟರ್‌ಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಆ ಹೆಸರು ಕೇಳಿ ಅವರೂ ನಕ್ಕಿದ್ದರು. ಒಂದು ಸಲವಲ್ಲ, ಹತ್ತು ಸಲ. ಹೋದ ವಾರ ಮೂರನೇ ಹಾಸಿಗೆಯ ಅಜ್ಜಿಯ ಉಸಿರು ಬದಲಾದದ್ದನ್ನು ಎಲ್ಲರಿಗಿಂತ ಮೊದಲು ಹಿಡಿದದ್ದು ಇದೇ ಹುಡುಗಿ. ಆಗ ಅವಳಿಗೆ ಯಾರೂ ಒಳ್ಳೆಯ ಹೆಸರು ಇಡಲಿಲ್ಲ.

“ಇದನ್ನ ದೊಡ್ಡ ಡಾಕ್ಟರಿಗೆ ಹೇಳ್ಲಾ? ನೀನು ಬೇಡ ಅಂದ್ರೆ ನನ್ನ ಬಾಯಿಂದ ಹೊರಗೆ ಹೋಗಲ್ಲ.”

ಹುಡುಗಿ ಅಂಗೈ ಮಡಿಸಿಕೊಂಡು ಎದ್ದು ನಿಂತಳು. “ನಾನೇ ಹೇಳ್ತೀನಿ. ನೀವು ಜೊತೇಲಿರಿ.”

ನಾಲ್ಕು ಗಂಟೆಗೆ ಅಪ್ಪ ಬಂದರು. ಅವರು ಟೈಲರ್. ಅವಸರದಲ್ಲಿ ಅಳತೆಯ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದಿದ್ದರು. ದೊಡ್ಡ ಡಾಕ್ಟರ ಮೇಜಿನ ಮೇಲೆ ತರಬೇತಿ ಬಿಡುವ ಅರ್ಜಿ ಸಿದ್ಧವಾಗಿತ್ತು, ಮಗಳದೂ ಅಪ್ಪನದೂ ಸಹಿಯಷ್ಟೇ ಬಾಕಿ. ಹುಡುಗಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ದೊಡ್ಡ ಡಾಕ್ಟರು ಕುರ್ಚಿಗೆ ಒರಗಿದರು. “ಇದೆಲ್ಲ ನೆಪ. ಮನಸ್ಸಿಟ್ಟು ಮಾಡಿದ್ರೆ ಯಾಕೆ ಮರೆಯುತ್ತೆ?”

ಅಪ್ಪನೂ ದನಿಗೂಡಿಸಿದರು. “ನಿಜ ಸಾರ್. ಮೊದಲಿಂದ್ಲೂ ಹೀಗೇ ಇವಳು. ಛತ್ರಿ ಕಳೀತಾಳೆ, ಬೀಗದ ಕೈ ಕಳೀತಾಳೆ. ಎಷ್ಟು ಬೈದ್ರೂ ಬುದ್ಧಿ ಬರ್ಲಿಲ್ಲ. ಕೊಡಿ, ಸಹಿ ಹಾಕ್ತೀನಿ.”

“ಪೆನ್ನು ಕೆಳಗಿಡಿ ಅಣ್ಣಾ!” ಸಿಸ್ಟರ್ ದನಿ ಹೊರಗಿನ ಬೆಂಚಿನವರೆಗೂ ಕೇಳಿಸಿತು. “ನೀವೆಷ್ಟು ವರ್ಷದಿಂದ ಬಟ್ಟೆ ಹೊಲೀತೀರಿ?”

“ಮೂವತ್ತು.”

“ಅಳತೆ ಬರ್ಕೊಳ್ದೆ ಒಂದು ಅಂಗಿಗಾದ್ರೂ ಕತ್ತರಿ ಹಾಕಿದ್ದುಂಟಾ?”

ಟೈಲರ್ ಕೈ ತಾನಾಗಿಯೇ ಅಂಗಿ ಜೇಬಿನ ಅಳತೆ ಪುಸ್ತಕದ ಮೇಲೆ ಹೋಯಿತು. “ಅದು ಹೆಂಗಾಗುತ್ತೆ ಅಕ್ಕಾ? ಬಟ್ಟೆ ಹಾಳಾಗಲ್ವಾ?”

“ಬಟ್ಟೆಗೆ ಅಷ್ಟು ಜೋಪಾನ. ಮಗಳು ಜೀವದ ಕೆಲ್ಸ ಮಾಡ್ತಾಳೆ, ಅವಳು ಬರ್ಕೋಬಾರ್ದು! ಬೈದು ಬೈದು ಇಪ್ಪತ್ಮೂರು ವರ್ಷ ಆಯ್ತಲ್ಲ, ಏನಾದ್ರೂ ಸರಿಹೋಯ್ತಾ?”

ಆಮೇಲೆ ಸಿಸ್ಟರ್ ಮೇಜಿನ ಕಡೆ ತಿರುಗಿದರು. “ಸರ್, ಆಪರೇಷನ್ ಆದ್ಮೇಲೆ ಹೊಟ್ಟೆ ಒಳಗೆ ಬಟ್ಟೆ ತುಂಡು ಉಳೀಬಾರ್ದು ಅಂತ ಎಣಿಸಿ ಬೋರ್ಡ್ ಮೇಲೆ ಬರೀತೀವಿ. ಬರೀದೆ ಇದ್ರೆ ನೀವು ಹೊಲಿಗೆ ಹಾಕೋದೇ ಇಲ್ಲ. ಅಲ್ಲಿ ನಿಮ್ಮ ನೆನಪನ್ನ ನೀವೇ ನಂಬಲ್ಲ. ಇಲ್ಲಿ ಈ ಮಗು ತೊಂಬತ್ತು ಮಾತು ತಲೇಲಿ ಹೊರಬೇಕಾ?”

“ಒಬ್ಬಳಿಗೆ ರಿಯಾಯಿತಿ ಕೊಟ್ರೆ...”

“ಯಾರು ಕೇಳಿದ್ರು ರಿಯಾಯಿತಿ? ಕೆಲ್ಸ ಒಂದಿಂಚೂ ಕಡಿಮೆ ಮಾಡ್ಬೇಡಿ. ಬರ್ಕೊಳ್ಳೋಕೆ ಬಿಡಿ. ಬರೆದದ್ದನ್ನ ನಿಮಗೇ ತಿರುಗಿ ಓದಿ ಹೇಳ್ಲಿ. ಔಷಧಿ ಚೀಟಿ ಬರೆಯೋವಾಗ ಹತ್ತು ಜನ ಕೂಗಿ ಕರೆಯೋದು ಬೇಡ. ತಪ್ಪಾದ್ರೆ ಕೋಣೆಗೆ ಕರೆದು ಹೇಳಿ. ವಾರಕ್ಕೊಂದ್ಸಲ ಯಾರಾದ್ರೂ ಹಿರಿಯ ಡಾಕ್ಟರ್ ಕೂತು ಅವಳ ಜೊತೆ ಮಾತಾಡ್ಲಿ. ಇಷ್ಟಕ್ಕೆ ನಿಮ್ಮ ಗಂಟೇನು ಹೋಗುತ್ತೆ? ಆ ಡ್ರೈವರ್ ಸತ್ತಿದ್ರೆ ಜರಡಿ ಅಂತ ಯಾರನ್ನ ಕರೀಬೇಕಿತ್ತು? ಇವಳನ್ನಾ, ನಮ್ಮನ್ನಾ?”

ಟೈಲರ್ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

“ಒಂದು ತಿಂಗಳು ನೋಡೋಣ,” ಎಂದರು ದೊಡ್ಡ ಡಾಕ್ಟರು, ಯಾರ ಮುಖವನ್ನೂ ನೋಡದೆ.

ಆ ಸಂಜೆ ಅಪ್ಪ ಮಗಳ ಬಿಳಿ ಕೋಟಿಗೆ ಎದೆಯ ಹತ್ತಿರ ಇನ್ನೊಂದು ಜೇಬು ಹೊಲಿದರು. ಅಂಗೈಯಗಲದ ಪುಸ್ತಕ ಹಿಡಿಸಬೇಕು, ಬಗ್ಗಿದರೆ ಬೀಳಬಾರದು. ಹೊಲಿಯುವ ಮುಂಚೆ ಅಳತೆ ಬರೆದುಕೊಂಡರು. “ಅಷ್ಟೆಲ್ಲ ಬೈಬಾರ್ದಾಗಿತ್ತು ಕಣವ್ವಾ,” ಎಂದರು, ದಾರ ಕಡಿಯುತ್ತ.

ಮರುದಿನದ ರೌಂಡ್ಸ್‌ನಲ್ಲಿ ಪೆನ್ನು ಹಿಡಿದಿದ್ದವಳು ಅವಳೊಬ್ಬಳೇ. ಹನ್ನೆರಡನೇ ಹಾಸಿಗೆಯ ಹತ್ತಿರ ಅವಳು ಸೂಚನೆಗಳನ್ನು ಓದಿ ಹೇಳುತ್ತ ನಡುವೆ ನಿಲ್ಲಿಸಿದಳು. “ಸರ್, ಬಲಗಾಲಿನ ಎಕ್ಸ್‌ರೇ ಅಂದ್ರಿ. ಇವರಿಗೆ ನೋವಿರೋದು ಎಡಗಾಲಲ್ಲಿ.”

ದೊಡ್ಡ ಡಾಕ್ಟರು ಡ್ರೈವರ್ ಕಾಲನ್ನು ನೋಡಿದರು, ಅವಳ ಪುಸ್ತಕವನ್ನು ನೋಡಿದರು. “ಎಡಗಾಲು. ಬರ್ಕೊ,” ಎಂದರು. ನಾಲ್ಕು ಹೆಜ್ಜೆ ಹೋದವರು ನಿಂತು, ಉಳಿದ ಮರಿ ಡಾಕ್ಟರುಗಳ ಮೇಲೆ ರೇಗಿದರು. “ನೀವೇನು ಬಾಯಿ ಬಿಟ್ಕೊಂಡು ನೋಡ್ತಿದೀರಿ? ಪೆನ್ನಿಲ್ವಾ?”

ಇದನ್ನು ಓದುತ್ತಿರುವ ಹಿರಿಯ ಡಾಕ್ಟರೇ, ಸಿಸ್ಟರೇ, ತಂದೆ ತಾಯಿಯೇ, ನಿಮಗೇ ಹೇಳುತ್ತಿದ್ದೇವೆ. ನಿಮ್ಮ ಹತ್ತಿರವೂ ಒಬ್ಬ ಜರಡಿ ಇರಬಹುದು. ಮೊದಲು ಆ ಹೆಸರನ್ನು ನಿಲ್ಲಿಸಿ. ತೊಂದರೆ ಏನೆಂದು ಅವರನ್ನೇ ಕೇಳಿ, ಕೇಳಿದ್ದನ್ನು ಊರಿಗೆಲ್ಲ ಹಂಚಬೇಡಿ. ಬೇಕಿದ್ದರೆ ಮನೋವೈದ್ಯರ ಹತ್ತಿರ ಹೋಗಲು ಜೊತೆಯಾಗಿ. ಬರೆದುಕೊಳ್ಳಲು ಒಂದು ಕಾಗದ ಕೊಡಿ. ತರಬೇತಿಯ ಮಕ್ಕಳೇ, ನೀವೂ ಒಬ್ಬರೇ ನುಂಗಿಕೊಂಡು ಕೂರಬೇಡಿ, ನಂಬುವಂಥ ಒಬ್ಬ ಹಿರಿಯರಿಗೆ ಹೇಳಿ. ನಾಳೆ ಆ ಹನ್ನೆರಡನೇ ಹಾಸಿಗೆಯಲ್ಲಿ ಮಲಗುವವರು ನಾವೇ ಆಗಿರಬಹುದು.